ಕಾಲುವೆಗೆ ಕಾಂಕ್ರೀಟ್ ಹಾಕುವ ಮೊದಲು ಒಮ್ಮೆ ಮಣ್ಣು ನೋಡಿ

ಮಾನ್ಯ ಜಲಸಂಪನ್ಮೂಲ ಸಚಿವರು, ಕಂದಾಯ ಸಚಿವರು ಹಾಗೂ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರ ಉದ್ದ ಇದೆ, ಕೊನೆವರೆಗೆ ಓದಲು ನಿಮಗೆ ಪುರುಸೊತ್ತು ಸಿಗುತ್ತದೋ ಇಲ್ಲವೋ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗೆ, ಹೆದ್ದಾರಿಗೆ, ಕೆರೆ ತುಂಬಿಸುವ ಪೈಪ್‌ಲೈನಿಗೆ ಅಂತ ನಮ್ಮ ಮೂರು ಜಿಲ್ಲೆಗಳಲ್ಲಿ ನೆಲ ಅಗೆಯುವ ಕೆಲಸ ನಡೆದೇ ಇದೆ. ಹಾಗೆ ಅಗೆದ ಗೋಡೆಯನ್ನು ಮುಚ್ಚುವ ಮೊದಲು ಒಬ್ಬ ಭೂವಿಜ್ಞಾನಿ ಬಂದು ನೋಡಬೇಕು. ಫೋಟೊ ತೆಗೆದು, ಪದರಗಳನ್ನು ಬರೆದುಕೊಂಡು, ಹಳೇ ಭೂಕಂಪದ ಗುರುತು ಆ ಮಣ್ಣಿನಲ್ಲಿ ಇದೆಯಾ ಅಂತ ಹುಡುಕಬೇಕು. ಇದನ್ನು ಟೆಂಡರಿನ ಷರತ್ತಿನಲ್ಲೇ ಸೇರಿಸಿ. ಇಷ್ಟೇ.

ಬರೆಯುತ್ತಿರುವವನು ದೊಡ್ಡ ಮನುಷ್ಯನೇನಲ್ಲ. ಡಿಪ್ಲೊಮಾ ಮುಗಿಸಿ ಜೀವನವೆಲ್ಲ ಕಾಲುವೆ, ರಸ್ತೆ ಕಾಮಗಾರಿಗಳಲ್ಲಿ ಸೈಟ್ ಸೂಪರ್‌ವೈಸರ್ ಆಗಿ ಕಳೆದವನು. ಈಗ ಬಸವನ ಬಾಗೇವಾಡಿ ತಾಲೂಕಿನಲ್ಲಿ ಜೋಳ, ತೊಗರಿ ನೋಡಿಕೊಂಡಿದ್ದೇನೆ. ಹಿಟಾಚಿ ಅಗೆದ ಗೋಡೆಯ ಪಕ್ಕ ನಿಂತು ಚಹಾ ಕುಡಿದ ಅನುಭವ ಮಾತ್ರ ಯಾವ ವಿಜ್ಞಾನಿಗಿಂತಲೂ ನನಗೆ ಜಾಸ್ತಿ ಇರಬಹುದು.

ವಿಜಯಪುರ ಜಿಲ್ಲೆಯವರಿಗೆ ಭೂಮಿಯ ಸದ್ದು ಈಗ ಹೊಸದಲ್ಲ. 2021ರ ಸೆಪ್ಟೆಂಬರ್ 4ರಂದು ರಾತ್ರಿ ಹನ್ನೆರಡಕ್ಕೆ ಇನ್ನೇನು ಕೆಲವೇ ನಿಮಿಷ ಇದೆ ಅನ್ನುವಾಗ 3.9 ತೀವ್ರತೆಯ ಕಂಪನ ಆಯಿತು. ಓಣಿಗೆ ಓಣಿಯೇ ಎದ್ದು ಹೊರಗೆ ಬಂತು. 2022ರ ಜುಲೈ 9ರ ಬೆಳಗ್ಗೆ ಇನ್ನೊಂದು, ಅದರ ತೀವ್ರತೆ 4 ದಾಟಿತ್ತು. ಇವೆರಡು ಪೇಪರಿನಲ್ಲಿ ಬಂದವು. ಮನಗೂಳಿ, ಉಕ್ಕಲಿ, ತಿಕೋಟಾ ಕಡೆ ಪೇಪರಿಗೆ ಬಾರದ ಸಣ್ಣಪುಟ್ಟವು ಎಷ್ಟೋ ಆಗಿವೆ. ಮೊದಲು ದೂರದಲ್ಲಿ ಕ್ವಾರಿ ಬ್ಲಾಸ್ಟ್ ಮಾಡಿದ ಹಾಗೆ ಧಡ್ ಅನ್ನುತ್ತದೆ. ಆಮೇಲೆ ನೆಲುವಿನ ಮೇಲಿನ ಪಾತ್ರೆ ಸದ್ದು ಮಾಡುತ್ತವೆ. ಅಷ್ಟರಲ್ಲಿ ಮುಗಿದಿರುತ್ತದೆ.

ಪ್ರತಿ ಸಲವೂ ಅಧಿಕಾರಿಗಳು ಬರುತ್ತಾರೆ, ಭಯ ಬೇಡ ಅನ್ನುತ್ತಾರೆ. ಅವರನ್ನು ನಾನು ದೂರುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಕಂಪನ ಆದ ಸ್ವಲ್ಪ ಹೊತ್ತಿನಲ್ಲೇ ಕೇಂದ್ರಬಿಂದು ಎಲ್ಲಿ, ತೀವ್ರತೆ ಎಷ್ಟು ಅಂತ ಹೇಳುತ್ತವೆ. ಮಳೆಗಾಲದಲ್ಲಿ ನೀರು ಕಲ್ಲಿನ ಬಿರುಕುಗಳಿಗೆ ಇಳಿದು ಒತ್ತಡ ಬದಲಾದಾಗ ಇಂಥ ಸಣ್ಣ ಕಂಪನಗಳ ಸರಣಿ ಆಗುತ್ತದೆ ಅನ್ನುವ ವಿವರಣೆಯೂ ಸರಿ ಇದ್ದೀತು. ಇಂಥ ಸರಣಿಗಳಲ್ಲಿ ಬಹುಪಾಲು ತಾವಾಗೇ ಅಡಗುತ್ತವೆ. ಹಾಗಾಗಿ ನಾಳೆ ಬೆಳಗ್ಗೆ ಏನೋ ಆಗಿಬಿಡುತ್ತದೆ ಅಂತ ಹೆದರಿಸಲು ಈ ಪತ್ರ ಬರೆಯುತ್ತಿಲ್ಲ. ಆ ಕೆಲಸವನ್ನು ವಾಟ್ಸಾಪ್ ಗ್ರೂಪುಗಳು ಚೆನ್ನಾಗಿಯೇ ಮಾಡುತ್ತಿವೆ.

ನನ್ನ ಪ್ರಶ್ನೆ ಬೇರೆ. ನಮ್ಮ ಈ ನೆಲದಲ್ಲಿ ದೊಡ್ಡ ಭೂಕಂಪ ಹಿಂದೆ ಯಾವತ್ತಾದರೂ ಆಗಿತ್ತಾ? ಆಗಿದ್ದರೆ ಎಲ್ಲಿ, ಎಷ್ಟು ಸಾವಿರ ವರ್ಷಕ್ಕೊಮ್ಮೆ? ಯಂತ್ರ ಇದಕ್ಕೆ ಉತ್ತರ ಕೊಡಲಾರದು. ಅದು ಇಟ್ಟ ದಿನದಿಂದ ಮಾತ್ರ ಬರೆದುಕೊಳ್ಳುತ್ತದೆ. ಇಡೀ ದೇಶದಲ್ಲೇ ಭೂಕಂಪಮಾಪಕಗಳ ವಯಸ್ಸು ನೂರು ಚಿಲ್ಲರೆ ವರ್ಷ. ಅದಕ್ಕೂ ಹಿಂದಿನದು ಬೇಕೆಂದರೆ ಬ್ರಿಟಿಷರ ಕಾಗದ ಹುಡುಕಬೇಕು. ಥಾಮಸ್ ಓಲ್ಡ್‌ಹ್ಯಾಮ್ ಮಾಡಿದ ಭಾರತದ ಭೂಕಂಪಗಳ ಪಟ್ಟಿ 1883ರಲ್ಲಿ ಅಚ್ಚಾಯಿತು. ಬಳ್ಳಾರಿ ಸೀಮೆಯಲ್ಲಿ 1843ರಲ್ಲಿ ನೆಲ ನಡುಗಿದ ಸುದ್ದಿ ನಮಗೆ ಗೊತ್ತಿರುವುದು ಅಂಥ ದಾಖಲೆಗಳಿಂದ. ಅದರಾಚೆ ಕತ್ತಲೆ. ನಮ್ಮಂಥ ಗಟ್ಟಿ ನೆಲದಲ್ಲಿ ಒಂದು ಫಾಲ್ಟ್, ಅಂದರೆ ನೆಲದೊಳಗಿನ ಕಲ್ಲು ಸೀಳಿ ಎರಡು ಬದಿ ಜರುಗುವ ಬಿರುಕು, ಒಮ್ಮೆ ಜರುಗಿದರೆ ಮತ್ತೆ ಜರುಗುವುದಕ್ಕೆ ಸಾವಿರಾರು ವರ್ಷ, ಕೆಲವೊಮ್ಮೆ ಹತ್ತಾರು ಸಾವಿರ ವರ್ಷ ಬೇಕು. ಇನ್ನೂರು ವರ್ಷದ ಕಾಗದ ನೋಡಿ ಇಲ್ಲಿ ಏನೂ ಆಗಲ್ಲ ಅನ್ನುವುದು ಹೇಗೆ?

ಹಾಗೆ ಅಂದುಕೊಂಡು ಕೆಟ್ಟ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಮಹಾರಾಷ್ಟ್ರದ ಕಿಲ್ಲಾರಿ ನಮ್ಮ ಆಳಂದ, ಬಸವಕಲ್ಯಾಣದವರಿಗೆ ದೂರದ ಊರೇನಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. 6.2 ತೀವ್ರತೆ, ಹತ್ತಿರ ಹತ್ತಿರ ಹತ್ತು ಸಾವಿರ ಸಾವು. ವಿಜಯಪುರದಲ್ಲಿ ಆದ 3.9ಕ್ಕೂ ಕಿಲ್ಲಾರಿಯ 6.2ಕ್ಕೂ ಅಂಕಿಯಲ್ಲಿ ಎರಡೇ ಚಿಲ್ಲರೆ ವ್ಯತ್ಯಾಸ. ಬಿಡುಗಡೆಯಾದ ಶಕ್ತಿಯಲ್ಲಿ ಎರಡು ಸಾವಿರ ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಆಗಿನ ಸರ್ಕಾರಿ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ವಲಯ 1ರಲ್ಲಿತ್ತು. ಅಂದರೆ ಇಡೀ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆ ತಿದ್ದಿ ವಲಯ 3 ಮಾಡಿದರು, ವಲಯ 1 ಅನ್ನೋದನ್ನೇ ತೆಗೆದುಹಾಕಿದರು. ಹತ್ತು ಸಾವಿರ ಹೆಣ ಎತ್ತಿದ ಮೇಲೆ ಬಣ್ಣ ಬದಲಾಯಿತು. 2002ರ ಆ ನಕ್ಷೆಯಲ್ಲಿ ಬೆಳಗಾವಿ, ವಿಜಯಪುರ ನಗರಗಳೂ ಈ ವಲಯ 3ರಲ್ಲೇ ಇದ್ದವು.

ಇನ್ನೊಂದು ವಿಷಯ. ಭೂಕಂಪಕ್ಕೆ ಒಂದು ವರ್ಷ ಮೊದಲು, 1992ರ ಅಕ್ಟೋಬರ್ ಹೊತ್ತಿಗೆ ಕಿಲ್ಲಾರಿ ಸುತ್ತ ಸಣ್ಣ ಕಂಪನಗಳ ಸರಣಿ ನಡೆದಿತ್ತು. ಅದೂ ಅಡಗಿತ್ತು.

ಆ ದುರಂತದ ನಂತರ ಅಲ್ಲಿ ನಡೆದ ಕೆಲಸ ನಮಗೆ ಮುಖ್ಯ. ಹೊಲದಲ್ಲಿ ಒಂದು ಮೀಟರಿನ ಆಸುಪಾಸು ನೆಲ ಮೇಲೆದ್ದು ಏರು ಮೂಡಿತ್ತು. ಬೆಳೆ ನಡುವೆ ಎದ್ದ ಸಣ್ಣ ಒಡ್ಡು ಅಂದುಕೊಳ್ಳಿ. ಅದರ ಅಡ್ಡಲಾಗಿ ವಿಜ್ಞಾನಿಗಳು ಕಂದಕ ತೋಡಿದರು. ಸಿ.ಪಿ. ರಾಜೇಂದ್ರನ್ ಮತ್ತು ಕುಶಲಾ ರಾಜೇಂದ್ರನ್ ಅವರು ಆ ಗೋಡೆ ಓದಿ, ಜರುಗಿದ್ದು ಹೊಸ ಬಿರುಕಲ್ಲ, ಮೊದಲೇ ಇದ್ದ ಹಳೇ ಫಾಲ್ಟ್ ಅಂತ ತೋರಿಸಿದರು. ಧಾರಾಶಿವ ಜಿಲ್ಲೆಯ ತೇರ್ ಅನ್ನುವ ಪುರಾತನ ಊರಿಗೂ ಹೋಗಿ ಅಲ್ಲಿನ ಇಟ್ಟಿಗೆ ಗುಡಿಯಲ್ಲಿ, ಸುತ್ತಲಿನ ಮಣ್ಣಿನಲ್ಲಿ ಹಳೇ ಭೂಕಂಪದ ಗುರುತು ಹುಡುಕಿದರು. ಭೂಕಂಪವನ್ನೇ ಕಾಣದ ನೆಲ ಅಂತ ನಕ್ಷೆ ಹೇಳುತ್ತಿದ್ದ ಪ್ರದೇಶ ಇದು. ಕಂದಕವನ್ನು 1993ಕ್ಕೆ ಮೊದಲೇ ತೋಡಿದ್ದರೆ? ಎಲ್ಲಿ ತೋಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ ಅನ್ನೋದೂ ನಿಜ. ಇದಕ್ಕೆ ಮತ್ತೆ ಬರುತ್ತೇನೆ, ನನ್ನ ಪತ್ರದ ತಿರುಳೇ ಅದು.

ಈ ಕಂದಕ ಓದುವ ಕೆಲಸ ಹೇಗೆ ಅಂತ ಸ್ವಲ್ಪ ಹೇಳಬೇಕು. ಹೆಸರು ಕೇಳಿದರೆ ಭಾರಿ ಅನಿಸುತ್ತದೆ, ಪೇಲಿಯೋಸಿಸ್ಮಾಲಜಿ ಅಂತ. ಕೆಲಸ ಮಾತ್ರ ನಮ್ಮ ಸೈಟಿನ ಕೆಲಸದ ಹಾಗೇ ಕೆಸರು, ಬೆವರು. ಫಾಲ್ಟಿಗೆ ಅಡ್ಡಲಾಗಿ ಕಂದಕ ತೋಡಿ, ಗೋಡೆಯನ್ನು ಕರಣಿಯಿಂದ ಕೆರೆದು ನುಣ್ಣಗೆ ಮಾಡುತ್ತಾರೆ. ದಾರ ಕಟ್ಟಿ ಚೌಕ ಚೌಕ ಮಾಡುತ್ತಾರೆ. ಪದರದಿಂದ ಪದರಕ್ಕೆ ಬಣ್ಣ ಎಲ್ಲಿ ಬದಲಾಗುತ್ತದೆ, ಹರಳು ಎಲ್ಲಿ ದಪ್ಪ ಆಗುತ್ತದೆ ಅಂತ ಗುರುತಿನ ಮೊಳೆ ಹೊಡೆಯುತ್ತ ಹೋಗುತ್ತಾರೆ. ಆಮೇಲೆ ಒಂದೊಂದು ಚೌಕವನ್ನೂ ಅಳತೆಗೆ ಸರಿಯಾಗಿ ಹಾಳೆಗೆ ಇಳಿಸುತ್ತಾರೆ.

ಅದರ ತರ್ಕ ಸರಳ. ದೊಡ್ಡ ಭೂಕಂಪದಲ್ಲಿ ಫಾಲ್ಟ್ ನೆಲದ ಮೇಲಿನವರೆಗೂ ಸೀಳಿದರೆ ಅವತ್ತಿನವರೆಗಿನ ಪದರಗಳೆಲ್ಲ ಮುರಿಯುತ್ತವೆ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಎದ್ದ ಅಂಚಿನಿಂದ ಮಣ್ಣು ಕುಸಿದು ಬುಡದಲ್ಲಿ ಗೂಟದ ತುದಿಯ ಆಕಾರದಲ್ಲಿ ಕೂರುತ್ತದೆ. ಮುಂದೆ ನೂರಾರು ವರ್ಷ ಮಳೆ, ಹಳ್ಳ, ಗಾಳಿ ತಂದ ಮಣ್ಣು ಅದನ್ನೆಲ್ಲ ಮುಚ್ಚಿ ಮೇಲೆ ಸಪಾಟು ಮಾಡುತ್ತದೆ. ಹೊಸ ಪದರ ಮುರಿದಿರುವುದಿಲ್ಲ. ಹಾಗಾದರೆ ಭೂಕಂಪ ಆಗಿದ್ದು ಮುರಿದ ಪದರಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೂ ಮುರಿಯದ ಪದರಗಳಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೂ ನಡುವಿನ ಕಾಲದಲ್ಲಿ. ಎರಡರ ವಯಸ್ಸು ತೆಗೆದರೆ ಆಯಿತು. ಇದ್ದಿಲಿನ ಚೂರು ಸಿಕ್ಕರೆ ಕಾರ್ಬನ್-14 ಲೆಕ್ಕ, ಅದು ಸುಮಾರು 50,000 ವರ್ಷದವರೆಗೆ ನಡೆಯುತ್ತದೆ. ಇದ್ದಿಲು ಸಿಗದಿದ್ದರೆ ಮರಳಿನ ಕಣ. ಬೆಣಚುಕಲ್ಲಿನ ಒಂದು ಕಣ ಕೊನೆಯ ಸಲ ಬಿಸಿಲು ಕಂಡು ಎಷ್ಟು ಕಾಲ ಆಯಿತು ಅಂತ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಅದಕ್ಕೆ ಗೋಡೆಗೆ ಲೋಹದ ಪೈಪ್ ಹೊಡೆದು, ಬೆಳಕು ತಾಗದ ಹಾಗೆ ಎರಡೂ ತುದಿ ಮುಚ್ಚಿ ಮಣ್ಣು ತೆಗೆಯಬೇಕು. ಮೊಬೈಲ್ ಟಾರ್ಚ್ ಬಿಟ್ಟರೂ ಕೆಟ್ಟಿತು.

ನದಿ ದಂಡೆಯಲ್ಲಿ ಇನ್ನೊಂದು ಬಗೆಯ ಗುರುತು ಸಿಗುತ್ತದೆ. ನೀರು ತುಂಬಿದ ಮರಳಿನ ಪದರ ಜೋರಾಗಿ ಅಲುಗಾಡಿದಾಗ ಗಂಜಿಯಂತಾಗಿ, ಮೇಲಿನ ಮಣ್ಣನ್ನು ಸೀಳಿಕೊಂಡು ಉಕ್ಕುತ್ತದೆ. ಆ ಮರಳಿನ ಕಂಬ ಹಾಗೇ ಉಳಿಯುತ್ತದೆ. 3, 4 ತೀವ್ರತೆಯ ಕಂಪನಗಳು ಮಣ್ಣಿನಲ್ಲಿ ಇಂಥ ಗುರುತು ಬಿಡುವುದಿಲ್ಲ. ನೆಲ ಸೀಳಬೇಕೆಂದರೆ ಸಾಮಾನ್ಯವಾಗಿ 6ರ ಹತ್ತಿರ ಬೇಕು. ಇದರಿಂದ ನಮಗೆ ಅನುಕೂಲವೇ. ಮನೆ ಬೀಳಿಸುವಂಥದ್ದನ್ನು ಮಾತ್ರ ಮಣ್ಣು ದಾಖಲಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಕೆರ್ರಿ ಸೀಹ್ ಎಂಬವರು 1970ರ ದಶಕದಲ್ಲಿ ಸ್ಯಾನ್ ಆಂಡ್ರಿಯಾಸ್ ಫಾಲ್ಟಿನ ಮೇಲೆ ಒಂದು ಜೌಗು ಹಳ್ಳದ ಪದರಗಳನ್ನು ಹೀಗೆ ಓದಿ ಸಾವಿರ ವರ್ಷಕ್ಕೂ ಹಿಂದಿನ ಭೂಕಂಪಗಳ ಸರಣಿ ಹೊರತೆಗೆದರು. 1995ರಲ್ಲಿ ಕೋಬೆ ನಗರ ಉರುಳಿದ ಮೇಲೆ ಜಪಾನ್ ಸರ್ಕಾರ ಇದನ್ನೇ ಸರ್ಕಾರಿ ಕೆಲಸ ಮಾಡಿಕೊಂಡಿತು. ಸುಮಾರು ನೂರು ಪ್ರಮುಖ ಫಾಲ್ಟುಗಳನ್ನು ಹೆಸರಿಸಿ, ಎಷ್ಟೋ ಕಡೆ ಕಂದಕ ತೋಡಿ, ಮುಂದಿನ ಮೂವತ್ತು ವರ್ಷದಲ್ಲಿ ಯಾವುದು ಜರುಗುವ ಸಾಧ್ಯತೆ ಎಷ್ಟು ಅಂತ ಜನರಿಗೆ ಬಿಡಿಸಿ ಹೇಳಿತು. ನಮ್ಮಲ್ಲೂ ಹಿಮಾಲಯದ ಬುಡದಲ್ಲಿ, ಕಚ್ಛದಲ್ಲಿ ಇಂಥ ಕಂದಕಗಳು ಆಗಿವೆ.

ಇನ್ನು ನಮ್ಮ ತೊಡಕಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಫಾಲ್ಟ್ ಎಲ್ಲಿದೆ ಅಂತ ವಿಮಾನದಿಂದಲೇ ಕಾಣುತ್ತದೆ. ಕಿಲ್ಲಾರಿಯಲ್ಲಿ ಭೂಕಂಪವೇ ಗೆರೆ ಎಳೆದು ತೋರಿಸಿತು. ವಿಜಯಪುರದಲ್ಲಿ ಏನಿದೆ? ಮೇಲೆ ಎರೆ ಅಂದರೆ ಕಪ್ಪು ಮಣ್ಣು, ಕೆಳಗೆ ಗರಸು ಅಂದರೆ ಕಲ್ಲು ಪುಡಿಯಾದ ಒರಟು ಮಣ್ಣು, ಅದರ ಕೆಳಗೆ 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿದ ಕರಿಕಲ್ಲು. ಹಳೇ ಫಾಲ್ಟುಗಳೆಲ್ಲ ಆ ಲಾವಾದ ಅಡಿಯಲ್ಲಿ ಮುಚ್ಚಿಹೋಗಿವೆ. ಕಿಲ್ಲಾರಿಯಲ್ಲಿ 617 ಮೀಟರ್ ಬೋರ್ ಕೊರೆದಾಗ ಮೊದಲ 338 ಮೀಟರ್ ಬರೀ ಲಾವಾ ಕಲ್ಲೇ ಸಿಕ್ಕಿತು. ಮೇಲಿನ ಹೊಲ ನೋಡಿ ಕೆಳಗೆ ಏನಿದೆ ಅಂತ ಹೇಳಲಾಗದು. ಕಂದಕ ತೋಡಿ ಅಂದರೆ ವಿಜ್ಞಾನಿ ಕೇಳುವ ಮೊದಲ ಮಾತೇ, ಎಲ್ಲಿ ತೋಡಲಿ?

ಅದಕ್ಕೇ ಕಾಲುವೆ ಅನ್ನುತ್ತಿದ್ದೇನೆ. ವಿಜ್ಞಾನಿಯ ಕಂದಕ ಹತ್ತಾರು ಮೀಟರ್ ಉದ್ದ. ಕಾಲುವೆ ಕಿಲೋಮೀಟರ್‌ಗಟ್ಟಲೆ. ಎಲ್ಲಿ ಅಂತ ಗೊತ್ತಿಲ್ಲದೆ ಹುಡುಕುವವರಿಗೆ ಉದ್ದನೆಯ ಗೋಡೆಯೇ ಬೇಕು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳ ಕಾಲುವೆಗಳನ್ನು ನೋಡಿ, ಡೋಣಿ ಸೀಮೆಯ ಎರೆಹೊಲ, ಕೃಷ್ಣೆಯ ಬದಿಯ ಮಡ್ಡಿ, ಹಳ್ಳಕೊಳ್ಳ ಎಲ್ಲವನ್ನೂ ಸೀಳಿಕೊಂಡು ಹೋಗುತ್ತವೆ. ಭೂಕಂಪ ಅಧ್ಯಯನಕ್ಕೆ ಅಂತ ಯಾವ ಸರ್ಕಾರವೂ ಅಷ್ಟು ನೆಲ ಅಗೆಯುವುದಿಲ್ಲ, ಅಗೆಯಬೇಕಾಗಿಯೂ ಇಲ್ಲ. ದುಡ್ಡು ಆಗಲೇ ಖರ್ಚಾಗಿದೆ. ಗೋಡೆ ತೆರೆದೇ ಇರುತ್ತದೆ. ನೋಡುವವರು ಮಾತ್ರ ಇಲ್ಲ. ಆಲಮಟ್ಟಿಯ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸುವ ಮಾತು, ಮೂರನೇ ಹಂತದ ಕಾಲುವೆಗಳ ಮಾತು ನಡೆದಿರುವಾಗಲೇ ಈ ಷರತ್ತು ಸೇರಬೇಕು. ಕಾಲುವೆಗೆ ಲೈನಿಂಗ್, ಅಂದರೆ ಕಾಂಕ್ರೀಟ್ ಹೊದಿಕೆ, ಬಿತ್ತು ಅಂದರೆ ಮತ್ತೆ ಆ ಗೋಡೆಯನ್ನು ನಮ್ಮ ಮೊಮ್ಮಕ್ಕಳೂ ನೋಡುವುದಿಲ್ಲ.

ಒಂದು ಗೋಡೆಯ ಬಗ್ಗೆ ಹೇಳುತ್ತೇನೆ. ಯಾವ ಕಾಲುವೆ, ಯಾರ ಕಾಮಗಾರಿ ಅನ್ನೋದು ಬೇಡ. ಕಟ್ಟಿಂಗ್ ಎರಡಾಳು ಮೀರಿ ಇಳಿದಿತ್ತು. ಮೇಲೆ ಎರೆ ಮಣ್ಣು, ಒಂದಾಳು ದಪ್ಪ. ಅದರಲ್ಲಿ ಸುಣ್ಣದ ಹರಳು ಅಲ್ಲಲ್ಲಿ ಬಿಳಿ ಚುಕ್ಕಿ ಚುಕ್ಕಿ. ಕೆಳಗೆ ಹಳೇ ಹಳ್ಳದ ನುಣ್ಣನೆ ಗುಂಡುಕಲ್ಲುಗಳ ಒಂದು ಸಾಲು, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ಅದರ ಕೆಳಗೆ ಹಳದಿ ಗರಸು. ಆ ಗುಂಡುಕಲ್ಲಿನ ಸಾಲು ಒಂದು ಕಡೆ ತುಂಡಾಗಿ ಗೇಣಿನಷ್ಟು ಕೆಳಗೆ ಇಳಿದು, ಮತ್ತೆ ನೆಟ್ಟಗೆ ಮುಂದುವರಿದಿತ್ತು. ತುಂಡಾದ ಕಡೆ ಗರಸಿನಲ್ಲಿ ಓರೆಯಾಗಿ ಒಂದು ಗೆರೆ ಕೆಳಕ್ಕೆ ಹೋಗಿತ್ತು. ಗೆರೆಯ ಪಕ್ಕದ ಕಲ್ಲುಗಳು ಮಲಗಿರಲಿಲ್ಲ, ಎದ್ದು ನಿಂತಿದ್ದವು. ನಮ್ಮ ಹಿಟಾಚಿ ಆಪರೇಟರ್ ಹುಡುಗ, ಸಾಹೇಬ್ರೇ ಇಲ್ಲಿ ಯಾರೋ ಮೊದಲೇ ಅಗೆದು ಮುಚ್ಚಿದಂಗದೆ ಅಂದ. ನಾನು ಮೇಲಿನವರಿಗೆ ತೋರಿಸಿದೆ. ಅದರಲ್ಲೇನಿದೆ, ಟ್ರಿಮ್ಮಿಂಗ್ (ಗೋಡೆ ಕೆತ್ತಿ ಸಮ ಮಾಡುವ ಕೆಲಸ) ಮುಗಿಸಿ ಅಂದರು. ಅವರ ತಲೆಬಿಸಿ ಅವರಿಗೆ, ಬಿಲ್ಲು ಆಗಬೇಕಿತ್ತು. ಆ ವಾರವೇ ಕಾಂಕ್ರೀಟ್ ಬಿತ್ತು.

ಅದು ಫಾಲ್ಟೇ ಅಂತ ನಾನು ಹೇಳುವುದಿಲ್ಲ. ಹಳೇ ಹಳ್ಳದ ದಂಡೆ ಕುಸಿದಿದ್ದರೂ ಹಾಗೇ ಕಾಣಬಹುದು. ಗೊತ್ತಿದ್ದವರು ಅರ್ಧ ದಿನ ನಿಂತು ನೋಡಿದ್ದರೆ ಗೊತ್ತಾಗುತ್ತಿತ್ತು, ಅಷ್ಟೇ ನನ್ನ ಮಾತು.

ಗೊತ್ತಿದ್ದವರೇ ಬರಬೇಕು ಅನ್ನುವುದಕ್ಕೆ ಕಾರಣವಿದೆ. ನಮ್ಮ ಎರೆ ಮಣ್ಣು ಭಾರಿ ಮೋಸಗಾರ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮೇಲಿನ ಮಣ್ಣು ಬಿರುಕಿನೊಳಗೆ ಬೀಳುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಹೀಗೆ ಉಬ್ಬಿ ತಗ್ಗುವಾಗ ಒಳಗೇ ಮಣ್ಣಿನ ಮೇಲೆ ಮಣ್ಣು ಉಜ್ಜಿ ಓರೆಯಾದ ನುಣುಪು ಮುಖಗಳು ಮೂಡುತ್ತವೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತವೆ. ಫಾಲ್ಟ್ ಜರುಗಿದಾಗ ಆಗುವ ನುಣುಪೂ ನೋಡಲು ಹೀಗೇ ಇರುತ್ತದೆ. ಹೊಸಬರು ಎರೆಗೋಡೆ ನೋಡಿದರೆ ಹೆಜ್ಜೆಗೊಂದು ಭೂಕಂಪ ಹುಡುಕಿಬಿಡುತ್ತಾರೆ. ಆ ಗೆರೆ ಎರೆಯಲ್ಲೇ ನಿಂತುಹೋಯಿತಾ ಅಥವಾ ಗರಸು ದಾಟಿ ಕೆಳಗಿನ ಕಲ್ಲಿಗೂ ಇಳಿಯಿತಾ, ಎರಡೂ ಕಡೆ ಪದರ ಮೇಲೆ ಕೆಳಗೆ ಆಗಿದೆಯಾ ಅಂತ ನೋಡಬೇಕು. ಎರೆಯಲ್ಲೇ ನಿಂತರೆ ಅದು ಮಣ್ಣಿನ ಕಿತಾಪತಿ.

ಇನ್ನೊಂದು ಎಚ್ಚರಿಕೆ ಬಾಗಲಕೋಟೆ, ರಾಮದುರ್ಗದ ಕಡೆಯವರಿಗೆ. ಅಲ್ಲಿನ ಕಲಾದಗಿ ಕಲ್ಲುಗಳಲ್ಲಿ ಮಡಿಕೆ, ಬಿರುಕು ಬೇಕಾದಷ್ಟಿವೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಈ ಸೀಮೆಯ ಕಲ್ಲುಗಳ ಬಗ್ಗೆ ಬರೆದಿಟ್ಟಿದ್ದಾರೆ. ಕೆಳಗಿನ ಬಾಗಲಕೋಟೆ ಪದರಗಳು ಬಾಗಿ ಮಡಚಿವೆ, ಮೇಲಿನ ಬಾದಾಮಿಯ ಮರಳುಗಲ್ಲು ಸಪಾಟಾಗಿ ಮಲಗಿದೆ. ಆ ಮಡಿಕೆ ಬಿದ್ದದ್ದು ಮನುಷ್ಯ ಹುಟ್ಟುವುದಕ್ಕೆ ಕೋಟಿ ಕೋಟಿ ವರ್ಷ ಮೊದಲು. ಸುಮ್ನೆ ಬಿರುಕು ಕಂಡ ತಕ್ಷಣ ಯೂಟ್ಯೂಬಿನಲ್ಲಿ ವಿಡಿಯೊ ಹಾಕಿ ಊರು ಮುಳುಗುತ್ತದೆ ಅನ್ನಬೇಡಿ. ಹತ್ತು ಹನ್ನೊಂದು ಸಾವಿರ ವರ್ಷದ ಈಚೆಗೆ ಜರುಗಿದ್ದರೆ ಅದು ಜೀವಂತ ಫಾಲ್ಟ್ ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮಂಥ ನೆಲದಲ್ಲಿ ಇನ್ನೂ ಹಿಂದಕ್ಕೆ ಹೋಗಬೇಕು ಅನ್ನುವವರೂ ಇದ್ದಾರೆ, ನನಗೂ ಅದೇ ಸರಿ ಅನಿಸುತ್ತದೆ. ಹೇಗಿದ್ದರೂ ಅದನ್ನು ತೀರ್ಮಾನಿಸಲು ಕಲ್ಲಿನ ಮೇಲೆ ಕೂತ ಹೊಸ ಮಣ್ಣು ಬೇಕು. ಘಟಪ್ರಭಾ, ಮಲಪ್ರಭಾ ದಂಡೆಗಳಲ್ಲಿ ಅಂಥ ಮಣ್ಣು ಇದೆ. ಶಿಲಾಯುಗದ ಕೊಡಲಿಗಳನ್ನು ಹುಡುಕುತ್ತ ಪುರಾತತ್ವದವರು ಆ ದಂಡೆಗಳನ್ನು 1950ರ ದಶಕದಿಂದಲೇ ಪದರ ಪದರ ಓದಿದ್ದಾರೆ. ಆರ್.ವಿ. ಜೋಶಿ ಅವರು ಮಲಪ್ರಭೆಯಲ್ಲಿ ಮಾಡಿದ ಕೆಲಸ ದೊಡ್ಡದು. ಅವರು ಓದಿದ ಅದೇ ದಂಡೆಗಳನ್ನು ಭೂಕಂಪದ ಕಣ್ಣಿನಿಂದ ಮತ್ತೊಮ್ಮೆ ನೋಡಬೇಕು. ಮರಳು ದಂಧೆಯವರು ಏನು ಉಳಿಸಿದ್ದಾರೋ ಅಷ್ಟನ್ನಾದರೂ.

ನಮ್ಮೂರ ಕಟ್ಟೆಯ ಮೇಲೆ ಈ ವಿಷಯ ತೆಗೆದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ. ಗೋಲಗುಮ್ಮಟ ನಿಂತಿದೆ ಅಲ್ವಾ, ಇನ್ನೇನು ಭೂಕಂಪ? ಒಳ್ಳೆಯ ಮಾತೇ, ತಳ್ಳಿಹಾಕುವಂಥದ್ದಲ್ಲ. ಆದರೆ ಗೋಲಗುಮ್ಮಟ 1656ರ ಹೊತ್ತಿನದು. ಅದರ ಸಾಕ್ಷಿ ನಾಲ್ಕು ನೂರು ವರ್ಷಕ್ಕೂ ಕಡಿಮೆ. ಪಟ್ಟದಕಲ್ಲಿನ ಗುಡಿಗಳು ಎಂಟನೇ ಶತಮಾನದವು, ಅವುಗಳ ಸಾಕ್ಷಿ ಸಾವಿರದ ಇನ್ನೂರು ವರ್ಷ ಮೀರುತ್ತದೆ. ಕಂಬ ತಿರುಗಿದೆಯಾ, ಕಲ್ಲಿನ ಸಂದು ಒಂದೇ ದಿಕ್ಕಿಗೆ ತೆರೆದಿದೆಯಾ, ಹಳೇ ಕಾಲದಲ್ಲೇ ದುರಸ್ತಿ ಆಗಿದೆಯಾ ಅಂತ ಪುರಾತತ್ವ ಇಲಾಖೆಯವರ ಜೊತೆ ಕೂತು ನೋಡಿದರೆ ಇವೂ ಮಾತಾಡುತ್ತವೆ. ಬಾದಾಮಿ ಗುಹೆಗಳು 578ರಷ್ಟು ಹಿಂದಿನವಾದರೂ ಬಂಡೆಯಲ್ಲೇ ಕೊರೆದವು, ಅವು ಸುಲಭಕ್ಕೆ ಬೀಳುವುದಿಲ್ಲ, ಅಷ್ಟು ಒಳ್ಳೆ ಸಾಕ್ಷಿ ಅಲ್ಲ. ಅದಕ್ಕಿಂತ ಗುಡ್ಡದ ಮೇಲೆ ಈಗ ಬಿದ್ದೇನು ಆಗ ಬಿದ್ದೇನು ಅಂತ ಒಂದರ ಮೇಲೊಂದು ನಿಂತ ಒಂಟಿ ಬಂಡೆಗಳು ಲೇಸು. ಜೇಮ್ಸ್ ಬ್ರೂನ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಇಂಥ ಬಂಡೆಗಳನ್ನೇ ಹಿಡಿದು ಲೆಕ್ಕ ಹಾಕಿದರು. ಇಷ್ಟು ಜೋರಾಗಿ ಅಲುಗಿದ್ದರೆ ಈ ಬಂಡೆ ಉರುಳಬೇಕಿತ್ತು, ಉರುಳಿಲ್ಲ, ಹಾಗಾದರೆ ಇದು ನಿಂತಷ್ಟು ಕಾಲ ಇಲ್ಲಿ ಅಷ್ಟು ಜೋರಾದ ಕಂಪನ ಆಗಿಲ್ಲ. ಬಂಡೆ ಎಷ್ಟು ಸಾವಿರ ವರ್ಷದಿಂದ ಹೀಗೆ ನಿಂತಿದೆ ಅನ್ನುವುದನ್ನು ಅಳೆಯುವ ದಾರಿಯೂ ಇದೆ. ನಮ್ಮ ಸೀಮೆಯಲ್ಲಿ ಇಂಥ ಬಂಡೆಗೇನು ಬರವೇ?

ಅಂದರೆ ಈ ಅಧ್ಯಯನದಿಂದ ಕೆಟ್ಟ ಸುದ್ದಿಯೇ ಬರುತ್ತದೆ ಅಂತ ಅಂದುಕೊಳ್ಳಬೇಕಿಲ್ಲ. ಹತ್ತಾರು ಕಿಲೋಮೀಟರ್ ಕಾಲುವೆ ಗೋಡೆಯಲ್ಲಿ ಒಂದು ಮುರಿದ ಪದರವೂ ಸಿಗಲಿಲ್ಲ ಅಂದರೆ ಅದೂ ಉತ್ತರವೇ. ಅದನ್ನೂ ದಾಖಲಿಸಿ, ಪ್ರಕಟಿಸಿ. ಆಗ ನಿಮ್ಮ ಅಧಿಕಾರಿಗಳು ಭಯ ಬೇಡ ಅಂದಾಗ ಅದಕ್ಕೊಂದು ತೂಕ ಬರುತ್ತದೆ.

ಇದಕ್ಕೆಲ್ಲ ಜನ ಎಲ್ಲಿ ಅನ್ನಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ಎಂ.ಎಸ್ಸಿ. ಹುಡುಗರಿಗೆ ಪ್ರಾಜೆಕ್ಟ್ ಬೇಕು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ತಾಂತ್ರಿಕ ಸಲಹೆ ಕೊಡಬಲ್ಲರು. ಕಾರ್ಬನ್ ಲೆಕ್ಕಕ್ಕೆ ದೆಹಲಿ, ಅಹಮದಾಬಾದ್, ಲಖನೌದಲ್ಲಿ ಪ್ರಯೋಗಾಲಯಗಳಿವೆ. ಒಂದು ಜೀಪು, ಇಬ್ಬರು ಭೂವಿಜ್ಞಾನಿಗಳು, ನಾಲ್ಕು ಹುಡುಗರು, ಒಂದು ಡ್ರೋನು. ಕಾಲುವೆ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಇದು ಕಾಣುವುದೂ ಇಲ್ಲ. ಗುತ್ತಿಗೆದಾರರು ಕೆಲಸ ತಡ ಆಗುತ್ತದೆ ಅಂತ ಗೊಣಗುತ್ತಾರೆ, ಅವರನ್ನು ನಾನು ಬಲ್ಲೆ. ಟ್ರಿಮ್ಮಿಂಗ್‌ಗೂ ಲೈನಿಂಗ್‌ಗೂ ನಡುವೆ ಹೇಗೂ ದಿನಗಟ್ಟಲೆ ಗೋಡೆ ಖಾಲಿ ಬಿದ್ದಿರುತ್ತದೆ. ಸಿಮೆಂಟ್ ಬಂದಿಲ್ಲ, ಲೇಬರ್ ಹಬ್ಬಕ್ಕೆ ಹೋಗಿದ್ದಾರೆ ಅಂತ ಎಷ್ಟು ದಿನ ನಿಲ್ಲಿಸುತ್ತಾರೆ ಅಂತ ಅವರನ್ನೇ ಕೇಳಿ.

ಭೂಮಿ ರೇಟು ಬೀಳುತ್ತದೆ ಅನ್ನುವ ಆಕ್ಷೇಪ ಮಾತ್ರ ಗಟ್ಟಿಯಾಗಿ ಬರುತ್ತದೆ, ಅದೂ ನಗರದ ಲೇಔಟಿನವರಿಂದ. ಅದಕ್ಕೆ ನನ್ನ ಉತ್ತರ ಇಷ್ಟೇ. ಕಿಲ್ಲಾರಿಯಲ್ಲಿ ಜನ ಸತ್ತದ್ದು ಮನೆಗಳಿಂದ. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಅಡಿಗಟ್ಟಲೆ ಮಣ್ಣು. ನಮ್ಮ ಮುದ್ದೇಬಿಹಾಳ, ಹುನಗುಂದ, ಸವದತ್ತಿ ಹಳ್ಳಿಗಳ ಮಾಳಿಗೆ ಮನೆ ಇದಕ್ಕಿಂತ ಬೇರೆ ಏನು? ಬೇಸಿಗೆಗೆ ತಂಪು, ಸೋರಿದರೆ ವರ್ಷಕ್ಕೊಮ್ಮೆ ಮತ್ತಷ್ಟು ಮಣ್ಣು ಹಾಕುತ್ತೇವೆ. ಭಾರ ಏರುತ್ತಲೇ ಹೋಗುತ್ತದೆ. ಎಲ್ಲ ಮನೆಗಳನ್ನೂ ಒಂದೇ ಸಲ ಬಲಪಡಿಸಲು ಯಾವ ಸರ್ಕಾರದ ಬಳಿಯೂ ದುಡ್ಡಿಲ್ಲ. ಯಾವ ತಾಲೂಕಿನಿಂದ ಶುರು ಮಾಡಬೇಕು, ಯಾವ ಶಾಲೆಗೆ ಮೊದಲು ಲಿಂಟಲ್ ಪಟ್ಟಿ ಕಟ್ಟಬೇಕು ಅನ್ನುವುದಕ್ಕಾದರೂ ಒಂದು ನಕ್ಷೆ ಬೇಕಲ್ಲ. ಆ ನಕ್ಷೆಯೇ ನಾನು ಕೇಳುತ್ತಿರುವುದು.

ಕೊನೆಯದಾಗಿ ಸಮಯದ ಮಾತು. ಗೋಡೆ ನೋಡಲು ಜನವರಿಯಿಂದ ಮೇ ಒಳ್ಳೆಯ ಕಾಲ. ಜೂನಿನಲ್ಲಿ ಎರಡು ಮಳೆ ಬಿದ್ದರೆ ಎರೆಗೋಡೆ ಕುಸಿದು ಎಲ್ಲ ಒಂದಾಗುತ್ತದೆ. ಹಾಗಾಗಿ ಆದೇಶ ಮಾಡುವುದಿದ್ದರೆ ದೀಪಾವಳಿಯೊಳಗೆ ಮಾಡಿ. ಸೈಟಿನ ಹುಡುಗರಿಗೆ ಒಂದು ಪುಟದ ಸೂಚನೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಿ. ಪದರ ತುಂಡಾಗಿ ಮೇಲೆ ಕೆಳಗೆ ಆಗಿದ್ದು ಕಂಡರೆ, ಮಣ್ಣಿನ ನಡುವೆ ಮರಳಿನ ಕಂಬ ನಿಂತಿದ್ದು ಕಂಡರೆ, ಪಕ್ಕದಲ್ಲಿ ಸಲಿಕೆ ನಿಲ್ಲಿಸಿ ಅಳತೆ ತಿಳಿಯುವ ಹಾಗೆ ಫೋಟೊ ತೆಗೆದು, ಲೊಕೇಶನ್ ಸಮೇತ ಇಂಥ ನಂಬರಿಗೆ ಕಳಿಸಿ ಅಂತ. ಬಾವಿ, ಕೃಷಿ ಹೊಂಡ ತೋಡುವ ರೈತರಿಗೂ ಅದೇ ಪುಟ ಪಂಚಾಯಿತಿಯಲ್ಲಿ ಸಿಗಲಿ. ಫೋಟೊ ಕಳಿಸಿದವರ ಹೊಲವನ್ನು ಸರ್ಕಾರ ಕಿತ್ತುಕೊಳ್ಳುವುದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆಸಿ, ಇಲ್ಲದಿದ್ದರೆ ಒಂದು ಫೋಟೊವೂ ಬರುವುದಿಲ್ಲ.

ಇಂತಿ,
ಬಸವನ ಬಾಗೇವಾಡಿ ತಾಲೂಕಿನ ಒಬ್ಬ ಮಾಜಿ ಸೈಟ್ ಸೂಪರ್‌ವೈಸರ್